ಆರು, ಏಳನೇ ತರಗತಿಯ ಮಕ್ಕಳಿಗೆ ಹೊಸದಾಗಿ ಫ್ರೆಂಚ್ ಶುರು ಮಾಡುತ್ತಿದ್ದೇನೆ. ಅಕ್ಷರಮಾಲೆ ಮೊದಲಾ, ಕ್ರಿಯಾಪದ ಮೊದಲಾ?

ವಾರಕ್ಕೆ 2 ಪೀರಿಯಡ್, ಆರು ಮತ್ತು ಏಳನೇ ತರಗತಿಯ ಮಕ್ಕಳು, ಎಲ್ಲರಿಗೂ ಫ್ರೆಂಚ್ ಹೊಸದು. ಅಕ್ಷರಮಾಲೆಯಿಂದ ಹೋಗಲಾ, ಕ್ರಿಯಾಪದದ ರೂಪಗಳಿಂದ ಹೋಗಲಾ, ಯಾವ ಪುಸ್ತಕ ಒಳ್ಳೆಯದು, ಈ ವಯಸ್ಸಿಗೆ ತಡವಾಯಿತಾ ಅಂತ ಕೇಳಿದ್ದೀರಿ. 11 ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತಾ ಒಂದಿಡೀ ರಜೆ ಕಳೆದಿದ್ದೆ. ಕೊನೆಗೆ ಮೊದಲ ವಾರ ಅಕ್ಷರಮಾಲೆ, ಎರಡನೇ ವಾರದಿಂದ ಕ್ರಿಯಾಪದ ಅಂತ ಮಾಡಿದೆ. ಪುಸ್ತಕವನ್ನೂ ನೋಡಿ ನೋಡಿ ಆರಿಸಿದ್ದೆ. ಆದರೂ ಆ ಮೊದಲ ತಂಡದ ಮಕ್ಕಳಿಗೆ ಫ್ರೆಂಚ್ ಬರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಎರಡು ಆಯ್ಕೆಯೂ ಬೇಡ.

ಅವತ್ತು ತರಗತಿಯಲ್ಲಿ 32 ಮಕ್ಕಳಿದ್ದರು. ಹೊಸ ನೋಟ್‌ಬುಕ್, ಅದರ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದ ಲೇಬಲ್. ಎರಡನೇ ವಾರ ನಾನು ಬೋರ್ಡಿನ ಮೇಲೆ 'ಮಾತಾಡು' ಅನ್ನುವ ಕ್ರಿಯಾಪದದ ಆರೂ ರೂಪಗಳನ್ನು ನೀಟಾಗಿ ಬರೆದೆ. ಮಕ್ಕಳೂ ಅಷ್ಟೇ ನೀಟಾಗಿ ಬರೆದುಕೊಂಡರು. ನೋಟ್‌ಬುಕ್ ನೋಡಿ ಅಪ್ಪ ಅಮ್ಮಂದಿರಿಗೆ ಖುಷಿ, ನನಗೂ ಖುಷಿ. ಆದರೆ ಎಡವಿದ್ದು ಅಲ್ಲೇ. ಆ ಪದಗಳು ಮಕ್ಕಳ ಕಿವಿಗೆ ಬೀಳುವ ಮುಂಚೆ ನಾನು ಅವುಗಳನ್ನು ಕಣ್ಣಿಗೆ ತೋರಿಸಿಬಿಟ್ಟಿದ್ದೆ.

ಇದು ಅಷ್ಟು ದೊಡ್ಡ ತಪ್ಪಾ ಅಂತ ನಿಮಗೆ ಅನಿಸಬಹುದು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನನಗೆ ಇದು ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಕನ್ನಡದಲ್ಲಿ ಬರೆದ ಹಾಗೆಯೇ ಓದುತ್ತೇವೆ. ಹಾಗಾಗಿ ಕನ್ನಡ ಕಲಿತ ಮಗುವಿಗೆ ಅಕ್ಷರದ ಮೇಲೆ ಬಹಳ ನಂಬಿಕೆ. ಕಂಡ ಅಕ್ಷರವನ್ನು ಬಿಡದೆ ಉಚ್ಚರಿಸಬೇಕು ಅನ್ನುವುದು ಅದಕ್ಕೆ ಒಂದನೇ ತರಗತಿಯಿಂದ ರೂಢಿ. ಫ್ರೆಂಚ್ ಹಾಗಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಪದದ ಕೊನೆಯ ವ್ಯಂಜನ ಹೆಚ್ಚಾಗಿ ಬಾಯಿಗೆ ಬರುವುದೇ ಇಲ್ಲ. ಪ್ಯಾರಿಸ್ ಅಂತ ಬರೆದು 'ಪಾರೀ' ಅನ್ನುತ್ತಾರೆ. ನಾನು ಬೋರ್ಡಿನ ಮೇಲೆ ಬರೆದ ಅದೇ ಕ್ರಿಯಾಪದ ತೆಗೆದುಕೊಳ್ಳಿ. ನಾನು, ನೀನು, ಅವನು, ಅವರು, ಈ ನಾಲ್ಕಕ್ಕೂ ಕೇಳಿಸುವುದು 'ಪಾರ್ಲ್' ಒಂದೇ. ನಾವು ಅಂದಾಗ 'ಪಾರ್ಲೋಂ', ನೀವು ಅಂದಾಗ 'ಪಾರ್ಲೇ'. ಅಂದರೆ ಕಿವಿಗೆ ಮೂರೇ ರೂಪ. ಕಾಗದದ ಮೇಲೆ ಐದು ('ನಾನು', 'ಅವನು' ಎರಡಕ್ಕೂ ಸ್ಪೆಲಿಂಗ್ ಒಂದೇ). ಮೂರು ಕಲಿತರೆ ಮುಗಿಯುತ್ತಿದ್ದ ಕೆಲಸವನ್ನು ನಾನು ಐದು ಮಾಡಿ ಮಕ್ಕಳ ತಲೆ ಮೇಲೆ ಹಾಕಿದೆ. 'ಅವರು ಮಾತಾಡುತ್ತಾರೆ' ಅನ್ನುವಾಗ ಇಡೀ ಕ್ಲಾಸ್ ಒಟ್ಟಿಗೆ 'ಪಾರ್ಲೆಂಟ್' ಅಂದಿತು. ಬರವಣಿಗೆಯಲ್ಲಿ ಮಾತ್ರ ಇರುವ, ಬಾಯಿಗೆ ಬಾರದ ಆ 'ಎಂಟ್' (ent) ಆಮೇಲೆ ಎರಡು ವರ್ಷ ತಿದ್ದಿದರೂ ಹೋಗಲಿಲ್ಲ.

ಮೂರನೇ ವಾರ ನೋಟ್‌ಬುಕ್ ತಿದ್ದುವಾಗ ಇನ್ನೊಂದು ಕಂಡಿತು. ಪ್ರತಿ ಫ್ರೆಂಚ್ ಪದದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡಿದ್ದರು. (ಇಲ್ಲಿ ನಾನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮಗೆ ಫ್ರೆಂಚ್ ಗೊತ್ತಿರುವುದರಿಂದ ಸರಿಯಾದ ಧ್ವನಿ ನಿಮಗೆ ಹೊಳೆಯುತ್ತದೆ. ಮಗುವಿಗೆ ಹೊಳೆಯಲ್ಲ.) 20 ಅನ್ನುವುದಕ್ಕೆ 'ವೆಂ', ಗಾಳಿಗೆ 'ವಾಂ', 'ಹೋಗುತ್ತಾರೆ' ಅನ್ನುವುದಕ್ಕೆ 'ವೋಂ'. ಇವು ಮೂಗಿನಲ್ಲಿ ಹೊರಡುವ ಸ್ವರಗಳು, ನಾಲಿಗೆ ಎಲ್ಲೂ ತಗುಲುವುದಿಲ್ಲ. ಕನ್ನಡದ ಸೊನ್ನೆ ಕಂಡ ತಕ್ಷಣ ಮಗುವಿನ ತುಟಿ ಮುಚ್ಚಿಕೊಳ್ಳುತ್ತದೆ, ಇಲ್ಲ ನಾಲಿಗೆ ಹಲ್ಲಿನ ಹಿಂದೆ ಹೋಗುತ್ತದೆ. 'ನೀನು' ಅನ್ನುವ ಪದದ ಸ್ವರಕ್ಕಂತೂ ನಮ್ಮಲ್ಲಿ ಅಕ್ಷರವೇ ಇಲ್ಲ. ನಾಲಿಗೆ 'ಈ' ಅನ್ನುವಾಗ ಇರುವ ಜಾಗದಲ್ಲೇ ಇರಬೇಕು, ತುಟಿ ಮಾತ್ರ 'ಊ' ಅನ್ನುವ ಹಾಗೆ ದುಂಡಗಾಗಬೇಕು. ಮಕ್ಕಳು 'ತೂ' ಅಂತ ಬರೆದುಕೊಂಡು 'ತೂ' ಅಂತಲೇ ಕಲಿತರು. ಹಾಗಂದರೆ ಫ್ರೆಂಚಿನಲ್ಲಿ 'ಎಲ್ಲ' ಅಂತ ಅರ್ಥ, 'ನೀನು' ಅಂತ ಅಲ್ಲ.

ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳ ಕಿವಿ ಬಹಳ ಚುರುಕು. ನಾನು ಒಂದು ಸಲ ಹೇಳಿದ್ದನ್ನು ಹಾಗೇ ತಿರುಗಿ ಹೇಳುತ್ತಿದ್ದಳು, ಗಂಟಲಿನಿಂದ ಬರುವ 'ರ' ಸಮೇತ. ಮೊದಲ ಡಿಕ್ಟೇಶನ್ ಕೊಟ್ಟಾಗ ಅವಳು ಕೇಳಿಸಿದ್ದನ್ನೇ ಬರೆದಳು. 'ಪಾರ್ಲ್' ಅಂತ ಕೇಳಿಸಿತು, ಅಷ್ಟೇ ಅಕ್ಷರ ಬರೆದಳು. ಒಂದು ಪುಟದಲ್ಲಿ 14 ಕಡೆ ಕೆಂಪು ಗೆರೆ ಎಳೆದೆ. ಅವಳು ಕೇಳಿಸಿಕೊಂಡದ್ದರಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಇಡೀ ಕ್ಲಾಸಿನಲ್ಲಿ ಫ್ರೆಂಚನ್ನು ಫ್ರೆಂಚಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ, ಅತಿ ಕಡಿಮೆ ಅಂಕ ಬಂದದ್ದೂ ಅವಳಿಗೇ. ಆಮೇಲಾಮೇಲೆ ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಮುಂದಿನ ವರ್ಷ ಫ್ರೆಂಚ್ ಬಿಟ್ಟಳು. ಆ ಪುಟ ಇವತ್ತಿಗೂ ನನ್ನ ಕಣ್ಣ ಮುಂದೆ ಬರುತ್ತದೆ.

ಎರಡನೇ ವರ್ಷದ ಕೊನೆಗೆ, ಉಳಿದವರಲ್ಲಿ 14 ಮಕ್ಕಳನ್ನು ಡೆಲ್ಫ್ ಜೂನಿಯರ್ ಎ1 ಪರೀಕ್ಷೆಗೆ (ಫ್ರೆಂಚ್ ಎಷ್ಟು ಬರುತ್ತದೆ ಅಂತ ಅಳೆಯುವ ಪರೀಕ್ಷೆ, ಎ1 ಅಂದರೆ ಮೊದಲ ಹಂತ) ಕೂರಿಸಿದೆ. ಅದರಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ 25-25 ಅಂಕ. ಬರವಣಿಗೆಯಲ್ಲಿ ನನ್ನ ಮಕ್ಕಳಿಗೆ 18, 19 ಬಂದಿತ್ತು. ಕೇಳುವುದರಲ್ಲಿ 7, 8. ಹೊರಗೆ ಬಂದ ಹುಡುಗನೊಬ್ಬ, "ಮಿಸ್, ಅದರಲ್ಲಿ ಮಾತಾಡಿದ್ದು ಫ್ರೆಂಚೇನಾ?" ಅಂತ ಕೇಳಿದ. ತಮಾಷೆಗೆ ಕೇಳಿದ್ದಲ್ಲ. ಅದೇ ವಾಕ್ಯಗಳನ್ನು ಕಾಗದದ ಮೇಲೆ ಕೊಟ್ಟಿದ್ದರೆ ಎಲ್ಲಕ್ಕೂ ಉತ್ತರ ಬರೆಯುತ್ತಿದ್ದ ಹುಡುಗ ಅವನು. ನನಗೆ ತಪ್ಪು ಗೊತ್ತಾದದ್ದು ಆವತ್ತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಮೊದಲ ಆರು ವಾರ, ಅಂದರೆ 12 ಪೀರಿಯಡ್, ಬೋರ್ಡಿನ ಮೇಲೆ ಒಂದೇ ಒಂದು ಫ್ರೆಂಚ್ ಪದ ಬರೆಯಬೇಡಿ. ನೋಟ್‌ಬುಕ್ ಬ್ಯಾಗಿನಲ್ಲೇ ಇರಲಿ. ನೀವು ಹೇಳಿ, ಮಕ್ಕಳು ಮಾಡಲಿ. ಎದ್ದೇಳಿ, ಕೂತುಕೊಳ್ಳಿ, ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ, ನೀಲಿ ಪೆನ್ನು ತೋರಿಸಿ. ಮೊದಲು ನೀವೇ ಮಾಡಿ ತೋರಿಸಿ, ಆಮೇಲೆ ಬರೀ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ಇದನ್ನೇ ಒಂದು ಕ್ರಮವಾಗಿ ಬೆಳೆಸಿದರು. ಅವರ ಕ್ರಮದಲ್ಲಿ ಮಗು ಮೊದಲು ಮೈಯಿಂದ ಉತ್ತರ ಕೊಡುತ್ತದೆ, ಮಾತು ತಾನಾಗಿ ಬರುವ ತನಕ ಬಲವಂತ ಇಲ್ಲ. ಹನ್ನೊಂದು ಹನ್ನೆರಡರ ವಯಸ್ಸಿಗೆ ಇದು ಎಷ್ಟು ಹೊಂದುತ್ತದೆ ಗೊತ್ತಾ? ಆ ವಯಸ್ಸಿನವರಿಗೆ ಎಲ್ಲರ ಮುಂದೆ ಒಬ್ಬರೇ ನಿಂತು ವಿಚಿತ್ರ ಧ್ವನಿ ಮಾಡುವುದಕ್ಕಿಂತ ದೊಡ್ಡ ಸಂಕಟ ಇಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ ಹೇಳಿಸಬೇಡಿ. ಎಲ್ಲರೂ ಒಟ್ಟಿಗೆ ಹೇಳಲಿ, ಇಲ್ಲ ಪಕ್ಕದವರ ಜೊತೆ ಹೇಳಲಿ. ತಪ್ಪಾದರೆ "ಅದು ತಪ್ಪು" ಅನ್ನದೆ ಸರಿಯಾದ ವಾಕ್ಯವನ್ನು ನೀವೇ ಸಹಜವಾಗಿ ಒಮ್ಮೆ ಹೇಳಿ ಮುಂದೆ ಹೋಗಿ.

ಹೆಸರು ಪದ ಕಲಿಸುವಾಗ ಒಂದು ಮಾತ್ರ ಬಿಡಬೇಡಿ. 'ಮೇಜು' ಅಂತ ಬರೀ ಪದ ಹೇಳಬೇಡಿ, ಯಾವಾಗಲೂ 'ಯೂನ್ ತಾಬ್ಲ್' ಅಂತ ಜೋಡಿಯಾಗಿ ಹೇಳಿ. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, 'ಯೂನ್' ಅದರ ಗುರುತು. ಕನ್ನಡದಲ್ಲಿ ಲಿಂಗ ಅರ್ಥದಿಂದ ಬರುತ್ತದೆ, ಮೇಜು ಹೆಣ್ಣು ಅಂದರೆ ಮಕ್ಕಳು ಕಾರಣ ಕೇಳುತ್ತಾರೆ. ಕಾರಣ ಹೇಳಲು ಹೋದರೆ ಪೀರಿಯಡ್ ಮುಗಿಯುತ್ತದೆ. ಜೋಡಿಯಾಗಿ 50 ಸಲ ಕೇಳಿದ ಮಗು ಲಿಂಗ ತಪ್ಪುವುದು ಕಡಿಮೆ.

ತಡವಾಯಿತಾ ಅನ್ನುವ ಚಿಂತೆ ಬಿಟ್ಟುಬಿಡಿ. ಕ್ಯಾಥರೀನ್ ಸ್ನೋ ಮತ್ತು ಮರಿಯನ್ ಹೂಫ್ನಾಗೆಲ್-ಹೋಲೆ ಅನ್ನುವ ಇಬ್ಬರು ಸಂಶೋಧಕರು ನೆದರ್ಲೆಂಡ್ಸ್‌ನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನವರನ್ನು ಗಮನಿಸಿ 1978ರಲ್ಲಿ ಬರೆದರು. ಮೊದಲ ತಿಂಗಳುಗಳಲ್ಲಿ ವೇಗವಾಗಿ ಮುಂದೆ ಹೋದವರು 12ರಿಂದ 15 ವರ್ಷದವರು ಮತ್ತು ದೊಡ್ಡವರು. 3ರಿಂದ 5 ವರ್ಷದ ಪುಟ್ಟ ಮಕ್ಕಳು ಹಿಂದೆ ಇದ್ದರು. ನಿಮ್ಮ ಮಕ್ಕಳ ವಯಸ್ಸು ಒಳ್ಳೆಯ ವಯಸ್ಸೇ. ಕಡಿಮೆ ಇರುವುದು ಸಮಯ. 40 ನಿಮಿಷದ 2 ಪೀರಿಯಡ್, ವರ್ಷಕ್ಕೆ 35 ವಾರ ಅಂದರೆ ಸುಮಾರು 47 ಗಂಟೆ. ಎ1 ಹಂತಕ್ಕೆ 60ರಿಂದ 100 ಗಂಟೆ ಅನ್ನುವುದು ಸಾಮಾನ್ಯ ಲೆಕ್ಕ. ಹಾಗಾಗಿ ಒಂದು ವರ್ಷದಲ್ಲಿ ಎ1 ಮುಗಿಸುತ್ತೇವೆ ಅಂತ ಯಾರಿಗೂ ಮಾತು ಕೊಡಬೇಡಿ. ಎರಡು ವರ್ಷ ಅನ್ನಿ. ಸಾಧ್ಯವಾದರೆ ಆ 2 ಪೀರಿಯಡನ್ನು 20 ನಿಮಿಷದ 4 ಪೀರಿಯಡ್ ಮಾಡಿಸಿಕೊಳ್ಳಿ. ಈ ವಯಸ್ಸಿನವರು ಮೂರು ದಿನ ಕೇಳದಿದ್ದರೆ ಅರ್ಧ ಮರೆತಿರುತ್ತಾರೆ, ಇದನ್ನು ವರ್ಷ ವರ್ಷ ನೋಡಿದ್ದೇನೆ.

ಪುಸ್ತಕ ಯಾವುದಾದರೂ ಪರವಾಗಿಲ್ಲ, ಜೊತೆಗೆ ಒಳ್ಳೆಯ ಆಡಿಯೋ ಇದ್ದರೆ ಸಾಕು. ಆಡಿಯೋ ಇಲ್ಲದ ಪುಸ್ತಕ ಎಷ್ಟೇ ಚೆನ್ನಾಗಿರಲಿ, ಬೇಡ.

ನೋಟ್‌ಬುಕ್ ಖಾಲಿ ಇದೆ ಅಂತ ಪೋಷಕರು ಕೇಳೇ ಕೇಳುತ್ತಾರೆ. ನನ್ನನ್ನೂ ಕೇಳಿದರು. ಅದಕ್ಕೆ ನಾನು ಮೊದಲ ತಿಂಗಳ ಕೊನೆಗೆ ಒಂದು ಚೀಟಿ ಕಳಿಸುತ್ತೇನೆ. ಅದರಲ್ಲಿ ಮಗು ಕೇಳಿ ಮಾಡಬಲ್ಲ 30 ಕೆಲಸಗಳ ಪಟ್ಟಿ ಕನ್ನಡದಲ್ಲಿ ಇರುತ್ತದೆ, ಜೊತೆಗೆ ನನ್ನ ಧ್ವನಿಯ ಒಂದು ರೆಕಾರ್ಡಿಂಗ್. ಮನೆಯಲ್ಲಿ ಹಾಕಿ ನೋಡಿ ಅನ್ನುತ್ತೇನೆ. ಮಗು ಎದ್ದು ಹೋಗಿ ಬಾಗಿಲು ಮುಚ್ಚಿ ಬರುವುದನ್ನು ನೋಡಿದ ಮೇಲೆ ನೋಟ್‌ಬುಕ್ ವಿಷಯ ಯಾರೂ ಎತ್ತಿಲ್ಲ.

ಇದು ಎಲ್ಲ ಭಾಷೆಗೂ ಇಷ್ಟೇ ಬಿಗಿಯಾಗಿ ಅನ್ವಯಿಸುವುದಿಲ್ಲ. ಜರ್ಮನ್ ಬಹುಮಟ್ಟಿಗೆ ಬರೆದ ಹಾಗೆ ಓದುವ ಭಾಷೆ. ಜಪಾನಿನ ಹಿರಗಾನದಲ್ಲಿ 46 ಮೂಲ ಅಕ್ಷರ, ಬಹುತೇಕ ಒಂದಕ್ಕೆ ಒಂದೇ ಧ್ವನಿ. ಅಲ್ಲಿ ಬರವಣಿಗೆಯನ್ನು ಬೇಗ ತಂದರೂ ಇಷ್ಟು ಹಾನಿ ಇಲ್ಲ. ನಿಮ್ಮದು ಫ್ರೆಂಚ್, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಏಳನೇ ವಾರ ಅಕ್ಷರ ತೋರಿಸಿ. ಆ ಹೊತ್ತಿಗೆ ಮಕ್ಕಳ ಬಾಯಲ್ಲಿ 'ಪಾರ್ಲ್' ಗಟ್ಟಿಯಾಗಿ ಕೂತಿರುತ್ತದೆ. ನನ್ನ ಮೂರನೇ ತಂಡಕ್ಕೆ ಹಾಗೆ ಮಾಡಿದೆ. 'ಅವರು ಮಾತಾಡುತ್ತಾರೆ' ಅನ್ನುವುದನ್ನು ಎಲ್ಲರೂ ಸರಾಗವಾಗಿ ಹೇಳಿದ ಮೇಲೆ ಬೋರ್ಡಿನ ಮೇಲೆ ಬರೆದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗ ಕೈ ಎತ್ತಿ, "ಮಿಸ್, ಕೊನೆಗೆ ಮೂರು ಅಕ್ಷರ ಜಾಸ್ತಿ ಬರೆದುಬಿಟ್ರಿ" ಅಂದ.