ಬಂಡೆ ಹತ್ತೋಕೆ ಎಷ್ಟು ಜಾಕೆಟ್ ಬೇಕು?

ಪ್ರಶ್ನೆ: ನಾಲ್ಕು ವರ್ಷದಿಂದ ರಾಮನಗರ, ಬಾದಾಮಿಯಲ್ಲಿ ಬರೀ ಟೀ ಶರ್ಟ್‌ನಲ್ಲಿ ಬಂಡೆ ಹತ್ತುತ್ತಿದ್ದೇನೆ. ಸೆಪ್ಟೆಂಬರ್‌ನಲ್ಲಿ ಹಿಮಾಚಲದ ಛತ್ರುವಿಗೆ ಹೊರಟಿದ್ದೇವೆ. ದಪ್ಪನೆಯ ಡೌನ್ (ಪುಕ್ಕ ತುಂಬಿದ) ಜಾಕೆಟ್ ಒಂದಿದ್ದರೆ ಸಾಕಾ?
– ತುಮಕೂರಿನ ಓದುಗರು

ಉತ್ತರ: ದಪ್ಪ ಜಾಕೆಟ್ ಬೇಕು. ಆದರೆ ಹತ್ತುವಾಗ ಅಲ್ಲ, ಕೆಳಗೆ ನಿಂತು ಬಿಲೇ ಕೊಡುವಾಗ, ಅಂದರೆ ಹತ್ತುವವರು ಜಾರಿದರೆ ತಡೆಯೋಕೆ ಅವರ ಹಗ್ಗ ಹಿಡಿದಿರುವಾಗ. ಬಟ್ಟೆ ಕೊಳ್ಳುವಾಗ ಎಲ್ಲರ ತಲೆಯಲ್ಲೂ ಹತ್ತುವವರೇ ಇರುತ್ತಾರೆ. ಚಳಿ ಹಿಡಿಯುವುದು ಹಗ್ಗ ಹಿಡಿದು ಅರ್ಧ ಗಂಟೆ ಅಲುಗಾಡದೆ ನಿಂತವರಿಗೆ.

ಬಾದಾಮಿ 600 ಮೀಟರ್ ಎತ್ತರವೂ ಇಲ್ಲ. ಚಂದ್ರಾ ನದಿ ದಂಡೆಯ ಛತ್ರು ಸುಮಾರು 3,300 ಮೀಟರ್. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ, ಲೆಕ್ಕ ಹಾಕಿ ನೋಡಿ. ಬಿಸಿಲಿದ್ದಾಗ ಟೀ ಶರ್ಟೇ ಜಾಸ್ತಿ ಅನಿಸುತ್ತದೆ. ನೆರಳು ಬಿತ್ತೋ, ಹಲ್ಲು ಕಟಕಟ. ಮೇಲಿಂದ ಕಣಿವೆಯ ಗಾಳಿ ಬೇರೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮೈಗೆ ಮೈನಸ್ ಆರೇಳರ ಚಳಿ.

ಹತ್ತಿ ಬನಿಯನ್, ಜೀನ್ಸ್ ಮನೆಯಲ್ಲೇ ಬಿಡಿ. ಹತ್ತಿ ಬೆವರು ಕುಡಿದು ಒಣಗುವುದೇ ಇಲ್ಲ, ನಿಂತ ತಕ್ಷಣ ಮೈ ತಣ್ಣಗಾಗುತ್ತದೆ. ಮೈಗಂಟಿ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯದು ಇರಲಿ. ಅದರ ಮೇಲೆ ತೆಳು ಫ್ಲೀಸ್, ಗಾಳಿಗೆ ಹಗುರ ವಿಂಡ್‌ಚೀಟರ್. ಹತ್ತೋಕೆ ಇಷ್ಟೇ ಸಾಕು. ಮಳೆ ಜಾಕೆಟ್ ಚೀಲದಲ್ಲಿರಲಿ.

ಬಿಲೇ ಜಾಕೆಟ್‌ಗೆ ನನ್ನ ಆಯ್ಕೆ ಡೌನ್ ಅಲ್ಲ, ಸಿಂಥೆಟಿಕ್. ಡೌನ್ ಹಗುರ, ಬೆಚ್ಚಗೆ, ನಿಜ. ಆದರೆ ಒದ್ದೆಯಾದರೆ ಮುದ್ದೆ. ಗ್ರಾನೈಟ್‌ಗೆ ಒಮ್ಮೆ ಉಜ್ಜಿದರೆ ತೋಳು ಹರಿಯುತ್ತದೆ. ನನ್ನದು ಹಾಗೆ ಹರಿದು, ಕೋಳಿ ಕಿತ್ತ ಹಾಗೆ ಪುಕ್ಕ ಹಾರಿತ್ತು. ಉಳಿದ ಟ್ರಿಪ್ಪು ಪೂರ್ತಿ ಟೇಪ್ ಸುತ್ತಿಕೊಂಡೇ ಓಡಾಡಿದೆ! ಎಲ್ಲ ಬಟ್ಟೆಯ ಮೇಲೆ ಹಾಕುವಷ್ಟು ಸಡಿಲ ಇರಲಿ. ಜಿಪ್ ಕೆಳಗಿನಿಂದಲೂ ತೆರೆಯುವಂತಿದ್ದರೆ ಹಾರ್ನೆಸ್ (ಹಗ್ಗ ಕಟ್ಟುವ ಸೊಂಟ-ತೊಡೆಯ ಪಟ್ಟಿ) ಮುಂಭಾಗ ಕೈಗೆ ಸಿಗುತ್ತದೆ.

ಮಫ್ಲರ್ ಬೇಡವೇ ಬೇಡ, ತುದಿ ಹಗ್ಗ ತಡೆಯುವ ಬಿಲೇ ಡಿವೈಸ್‌ಗೆ ಸಿಕ್ಕಿಕೊಂಡರೆ ಕಷ್ಟ. ಹೆಲ್ಮೆಟ್ ಒಳಗೆ ತೆಳು ಟೋಪಿ, ಕೈಗೆ ತೆಳು ಚರ್ಮದ ಗ್ಲೌಸ್. ಕಾಲಿಗೆ ಮಾತ್ರ ಕಡಿಮೆಯೇ ಹಾಕಿ. ಸೆಕೆಯಾದರೆ ಹಾರ್ನೆಸ್ ಬಿಚ್ಚದೆ ಪ್ಯಾಂಟ್ ಬಿಚ್ಚೋಕಾಗಲ್ಲ, ಅಲ್ವಾ? ಥರ್ಮಲ್ ಪ್ಯಾಂಟು ರಾತ್ರಿ ಟೆಂಟಿಗೆ.

ಅಂಗಡಿಗೆ ಹೋಗುವಾಗ ಹಾರ್ನೆಸ್, ಹೆಲ್ಮೆಟ್ ಜೊತೆಗೇ ಒಯ್ಯಿರಿ. ಎಲ್ಲ ಹಾಕಿಕೊಂಡು ಎರಡೂ ಕೈ ಮೇಲೆತ್ತಿ. ಹೊಟ್ಟೆ ಕಂಡರೆ ಆ ಅಳತೆ ಬೇಡ. ಹುಡ್ ಹೆಲ್ಮೆಟ್ ಮೇಲೆ ಕೂರದಿದ್ದರೆ ಆ ಜಾಕೆಟ್ಟೇ ಬೇಡ. ಅಂಗಡಿಯವರು ನಕ್ಕರೆ ನಗಲಿ ಬಿಡಿ.