ಕರೆಂಟ್ ಹೋದ ಮೇಲೆ ಏಳದ ವಿಂಡೋಸ್ 7

ಪ್ರಶ್ನೆ: ಶಿರಸಿಯಲ್ಲಿ ನಮ್ಮದು ಅಡಿಕೆ ವ್ಯಾಪಾರ. ಲೆಕ್ಕದ ಸಾಫ್ಟ್‌ವೇರ್ ಹಳೇದು, ಹೊಸ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಅದಕ್ಕೇ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್, ಅಂದರೆ 'ಮಷಿನ್', ನಡೆಸುವ ಸಾಫ್ಟ್‌ವೇರ್) ಒಳಗೆ ವಿಂಡೋಸ್ 7 ಹಾಕಿಕೊಂಡಿದ್ದೆವು. ಮೊನ್ನೆ ಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಆಮೇಲೆ ಮಷಿನ್ ಹೆಸರಿನ ಕೆಳಗೆ 'ಇನ್‌ಆಕ್ಸೆಸಿಬಲ್' ಎಂದು ಬರುತ್ತಿದೆ. ಅಣ್ಣನ ಮಗ ಬೇರೆ ಹೆಸರಲ್ಲಿ ಹೊಸ ಮಷಿನ್ ಮಾಡಿಕೊಟ್ಟ. ಅದು 'ನೋ ಬೂಟಬಲ್ ಮೀಡಿಯಂ ಫೌಂಡ್' ಅನ್ನುತ್ತದೆ. ಚಾಲಿ, ರಾಶಿ ಎರಡೂ ಬಗೆಯ ಅಡಿಕೆಯ ಲೆಕ್ಕ ಹೋಯಿತೇ?
– ಅಡಿಕೆ ವ್ಯಾಪಾರಿ, ಶಿರಸಿ

ಉತ್ತರ: ಹೋಗಿರಲಿಕ್ಕಿಲ್ಲ ಮಾರಾಯ್ರೇ. ಸದ್ಯಕ್ಕೆ ಅಣ್ಣನ ಮಗನ ಕೈಗೆ ಮೌಸ್ ಮಾತ್ರ ಕೊಡಬೇಡಿ.

ಹೊಸ ಮಷಿನ್ ಹೇಳುವುದು ಸರಿಯಾಗೇ ಇದೆ. ಅದರ ಡಿಸ್ಕ್ ಖಾಲಿ. ವಿಂಡೋಸೇ ಇಲ್ಲದ ಮೇಲೆ ಏಳುವುದು ಎಲ್ಲಿಂದ? ನಿಮ್ಮ ಲೆಕ್ಕ ಇರುವುದು ಹಳೇ ಫೋಲ್ಡರ್‌ನಲ್ಲಿ. ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಅದರೊಳಗೆ 'ವರ್ಚುವಲ್‌ಬಾಕ್ಸ್ ವಿಎಂಸ್'. ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅಲ್ಲಿ .ವಿಡಿಐ ಫೈಲಿನ ಗಾತ್ರ ನೋಡಿ, ಮಷಿನ್ನಿನ ಡಿಸ್ಕ್ ಅಂದರೆ ಅದೇ. ಹೊಸದರದ್ದು ಕೆಲವೇ ಎಂಬಿ ಇರುತ್ತದೆ. ಹಳೇದು ಹತ್ತಾರು ಜಿಬಿ ತೋರಿಸಿದರೆ ನಿಶ್ಚಿಂತೆಯಿಂದ ಒಂದು ಕವಳ ಹಾಕಿ. ಆ ಇಡೀ ಫೋಲ್ಡರ್ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಆಗುವವರೆಗೆ ಬೇರೇನೂ ಮುಟ್ಟಬೇಡಿ.

ನನ್ನ ಅಂದಾಜು ಇದು: ಮಷಿನ್ನಿನ ಸೆಟ್ಟಿಂಗ್ಸ್ ಎಲ್ಲ .ವಿಬಾಕ್ಸ್ ಎಂಬ ಸಣ್ಣ ಫೈಲಿನಲ್ಲಿರುತ್ತವೆ. ಅದನ್ನು ಬರೆಯುವಾಗಲೇ ಕರೆಂಟ್ ಹೋದರೆ ಫೈಲ್ ಸೊನ್ನೆ ಕೆಬಿ ಆಗಿಬಿಡಬಹುದು. ಪುಣ್ಯಕ್ಕೆ ಅದರ ಹಿಂದಿನ ಒಂದು ಕಾಪಿ ಪಕ್ಕದಲ್ಲೇ ಇರುತ್ತದೆ, ಹೆಸರಿನ ಬಾಲಕ್ಕೆ .ವಿಬಾಕ್ಸ್-ಪ್ರೆವ್ ಅಂತ. ಬಾಲ ಕಾಣದಿದ್ದರೆ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಟಿಕ್ ಮಾಡಿ. ವರ್ಚುವಲ್‌ಬಾಕ್ಸ್ ಪೂರ್ತಿ ಮುಚ್ಚಿ. ಸೊನ್ನೆ ಕೆಬಿಯದಕ್ಕೆ ಬೇರೆ ಹೆಸರಿಡಿ. ಪ್ರೆವ್ ಫೈಲಿನ ಒಂದು ಕಾಪಿ ಮಾಡಿ, ಆ ಕಾಪಿಗೆ ಮೊದಲಿನ ಹೆಸರೇ ಕೊಡಿ, ಬಾಲ ಬರೀ .ವಿಬಾಕ್ಸ್. ವರ್ಚುವಲ್‌ಬಾಕ್ಸ್ ಮತ್ತೆ ತೆರೆದರೆ ಹಳೇ ಮಷಿನ್ ಎದ್ದು ಕೂರಬೇಕು.

ಪ್ರೆವ್ ಕೂಡ ಕೆಟ್ಟಿದ್ದರೆ? ಆಗ ಹೊಸ ಮಷಿನ್ ಉಪಯೋಗಕ್ಕೆ ಬರುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ ಖಾಲಿ ಡಿಸ್ಕ್ ತೆಗೆದು ಹಳೇ .ವಿಡಿಐ ಸೇರಿಸಿ. ಇಎಫ್‌ಐ (ಮಷಿನ್ ಬೂಟ್ ಆಗುವ ಹೊಸ ವಿಧಾನ) ಟಿಕ್ ಇದ್ದರೆ ತೆಗೆಯಿರಿ. ನೀಲಿ ಪರದೆಯಲ್ಲಿ 0x0000007B ಅಂತ ಬಂದರೆ ಡಿಸ್ಕ್ ಜೋಡಿಸುವ ಬಗೆ ಬದಲಿಸಿ, ಸಾಟಾ ಬದಲು ಐಡಿಇಗೆ, ಅಥವಾ ಐಡಿಇ ಬದಲು ಸಾಟಾಗೆ ಹಾಕಿ ನೋಡಿ. ಇಷ್ಟಾದ ಮೇಲೆ ಆ ಹೊಸ ಮಷಿನ್ ಬೇಡ ಅನ್ನಿಸಿ ರಿಮೂವ್ ಒತ್ತಿದಿರೋ, 'ಡಿಲೀಟ್ ಆಲ್ ಫೈಲ್ಸ್' ಕೇಳುತ್ತದೆ. ಹ್ಞೂಂ ಅಂದರೆ ಸೇರಿಸಿದ ಹಳೇ ಡಿಸ್ಕೂ ಹೋಗುತ್ತದೆ. 'ರಿಮೂವ್ ಓನ್ಲಿ' ಸಾಕು.

ಮೊದಲ ಸಲ ಏಳುವಾಗ ಡಿಸ್ಕ್ ಪರೀಕ್ಷೆ ಶುರುವಾದರೆ ತಡೆಯಬೇಡಿ, ಮುಗಿಯಲಿ. ಇನ್ನೊಂದು, ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಅಡಿಕೆ ಲೆಕ್ಕ ಬರೆಯುವುದಕ್ಕೆ ಇಂಟರ್ನೆಟ್ ಬೇಡ ಅಲ್ವಾ? ಮಷಿನ್ನಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಟಿಕ್ ತೆಗೆದುಬಿಡಿ.