ಉಸಿರಿನ ಜೊತೆ ಒಳಗೆ ಹೋದ ನ್ಯಾನೋ ಕಣಗಳು ಶ್ವಾಸಕೋಶದಿಂದ ಹೊರಗೆ ಬರುತ್ತವಾ?

ಬರುತ್ತವೆ, ಆದರೆ ಎಲ್ಲವೂ ಅಲ್ಲ.

ಬದಿಯಡ್ಕದ ನಮ್ಮ ಮನೆಯ ಬಚ್ಚಲೊಲೆಗೆ ಈಗಲೂ ಅಡಿಕೆ ಸಿಪ್ಪೆ, ಒಣ ಮಡಲೇ ಸೌದೆ. ಬೆಂಕಿ ಹೊತ್ತಿಸಿ ಬಂದು ಮೂಗು ಒರೆಸಿಕೊಂಡರೆ ಬಟ್ಟೆ ಮೇಲೆ ಕಪ್ಪು ಗೆರೆ. ಅದು ಲೋಳೆ ಹಿಡಿದಿಟ್ಟ ಮಸಿ. ಶ್ವಾಸನಾಳದಲ್ಲೂ ಹೀಗೇ. ಗೋಡೆಯ ಸಣ್ಣ ಸಣ್ಣ ರೋಮಗಳು ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಾ ಇರುತ್ತವೆ. ನಾವು ಉಗಿಯುತ್ತೇವೆ, ಇಲ್ಲವೇ ಗೊತ್ತಿಲ್ಲದೆ ನುಂಗುತ್ತೇವೆ. ಇಲ್ಲಿ ಸಿಕ್ಕಿಕೊಂಡದ್ದು ಹೆಚ್ಚಾಗಿ ಒಂದೆರಡು ದಿನದಲ್ಲಿ ಖಾಲಿ.

ಕಷ್ಟ ಇರುವುದು ಇನ್ನೂ ಕೆಳಗೆ. ನ್ಯಾನೋ ಕಣಗಳು, ಅಂದರೆ 100 ನ್ಯಾನೋಮೀಟರ್‌ಗಿಂತ (ಮಿಲಿಮೀಟರ್‌ನ ಹತ್ತು ಸಾವಿರದಲ್ಲಿ ಒಂದು ಪಾಲು) ಚಿಕ್ಕವು, ಶ್ವಾಸಕೋಶದ ತುದಿಯ ಪುಟ್ಟ ಗಾಳಿಗೂಡುಗಳ ತನಕ ಇಳಿಯುತ್ತವೆ. ಅಲ್ಲಿ ರೋಮಗಳೇ ಇಲ್ಲ. ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳೇ ಅವನ್ನು ನುಂಗಿ ಸಾಗಿಸಬೇಕು. ದೊಡ್ಡ ಧೂಳನ್ನು ಅವು ಚೆನ್ನಾಗಿ ಹಿಡಿಯುತ್ತವೆ, ಒಂಟಿ ನ್ಯಾನೋ ಕಣ ಮಾತ್ರ ಜಾಸ್ತಿ ತಪ್ಪಿಸಿಕೊಳ್ಳುತ್ತದೆ. ಸತುವಿನ ಆಕ್ಸೈಡ್‌ನಂಥವು ಅಲ್ಲೇ ಕರಗುತ್ತವೆ. ಮಸಿ ಕರಗುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೂತಿರುತ್ತದೆ. ಒಂದಷ್ಟು ದುಗ್ಧರಸ ಗ್ರಂಥಿ (ಲಿಂಫ್ ನೋಡ್) ಸೇರುತ್ತದೆ, ತೀರಾ ಸ್ವಲ್ಪ ರಕ್ತಕ್ಕೆ ದಾಟುತ್ತದೆ.

2017ರಲ್ಲಿ ಪ್ರಕಟವಾದ ಎಡಿನ್‌ಬರೋ ಸಂಶೋಧಕರ ಅಧ್ಯಯನ ನನ್ನನ್ನು ಬೆಚ್ಚಿಬೀಳಿಸಿತ್ತು. ಸ್ವಯಂಸೇವಕರು ಉಸಿರಾಡಿದ ಚಿನ್ನದ ನ್ಯಾನೋ ಕಣಗಳು 24 ಗಂಟೆಯೊಳಗೆ ರಕ್ತದಲ್ಲಿ ಕಂಡವು. 3 ತಿಂಗಳಾದ ಮೇಲೂ ಮೂತ್ರದಲ್ಲಿ ಚಿನ್ನ ಸಿಕ್ಕಿತು!

ಬೀಡಿ, ಸಿಗರೇಟು ಸೇದುವವರಲ್ಲಿ ಆ ರೋಮಗಳೂ ಸೋಲುತ್ತವೆ. ನಮ್ಮ ಬಚ್ಚಲೊಲೆಗೆ ಹೋದ ವರ್ಷ ಹೊಗೆಗೊಳವೆ ಹಾಕಿಸಿದೆವು. ಅಮ್ಮನ ಕರವಸ್ತ್ರ ಈಗ ಅಷ್ಟು ಕಪ್ಪಾಗುವುದಿಲ್ಲ.